ನುಣುಪಾಗಿ ಕೊಯ್ದ ಕೊಂಬೆ

ಮರ ಸವರುವ ಕೆಲಸಕ್ಕೆ ಇಳಿದ ಮೊದಲ ವರ್ಷಗಳಲ್ಲಿ ನನಗೆ ಒಂದು ಹೆಮ್ಮೆಯಿತ್ತು. ನಾನು ತೆಗೆದ ಕೊಂಬೆ ಎಲ್ಲಿತ್ತು ಎಂದು ಯಾರೂ ಗುರುತಿಸಲಾರದ ಹಾಗೆ ಕೊಯ್ಯುತ್ತಿದ್ದೆ. ಗರಗಸವನ್ನು ಕಾಂಡಕ್ಕೆ ಒತ್ತಿ ಹಿಡಿದು, ಗೋಡೆಗೆ ಗಾರೆ ತೀಡಿದಷ್ಟು ನುಣುಪು ಮಾಡಿ, ಮೇಲೆ ಬಣ್ಣ ಬಳಿದು ಇಳಿಯುತ್ತಿದ್ದೆ. ಮನೆಯವರು ಕೆಳಗಿನಿಂದ ನೋಡಿ, "ಕೆಲಸ ಎಂದರೆ ಹೀಗಿರಬೇಕು" ಎನ್ನುತ್ತಿದ್ದರು.

ಎಂಟು ವರ್ಷಗಳ ಬಳಿಕ ಅಂಥ ಒಂದು ಹಳ್ಳಿಮನೆಯಿಂದ ಮತ್ತೆ ಕರೆ ಬಂತು. ಹಿತ್ತಲಿನ ಮಾವಿನ ಮರ ಗಾಳಿ ಬೀಸಿದಾಗ ಕಿರುಗುಟ್ಟುತ್ತಿದೆ, ಬಂದು ನೋಡಿ ಎಂದರು. ಹೋಗಿ ಕೊಡಲಿಯ ಹಿಂಬದಿಯಿಂದ ಕಾಂಡವನ್ನು ತಟ್ಟಿದೆ. ಗಟ್ಟಿ ಮರವಾದರೆ ಟಕ್ ಎನ್ನುತ್ತದೆ. ಇದು ಖಾಲಿ ಮಡಕೆಯ ದನಿ ಕೊಟ್ಟಿತು. ದನಿ ಬಂದ ಜಾಗ ನನಗೆ ಚೆನ್ನಾಗಿ ಗೊತ್ತಿತ್ತು. ಅಲ್ಲಿಂದ ಎರಡು ದಪ್ಪ ಕೊಂಬೆಗಳನ್ನು ತೆಗೆದವನು ನಾನೇ. ಬಳಿದ ಬಣ್ಣ ಬಿರುಕುಬಿಟ್ಟು ಚಕ್ಕೆಯೆದ್ದಿತ್ತು. ಬಿರುಕಿನಲ್ಲಿ ಕಬ್ಬಿಣದ ಸಲಾಕೆ ತೂರಿಸಿದರೆ ಮೊಳದುದ್ದ ಒಳಗೆ ಇಳಿಯಿತು. ಹೊರಗೆ ಎಳೆದಾಗ ತುದಿಗೆ ಒದ್ದೆ ಕಂದು ಪುಡಿ ಮೆತ್ತಿಕೊಂಡಿತ್ತು.

ಅದೇ ಕಾಂಡದಲ್ಲಿ, ಸ್ವಲ್ಪ ಮೇಲೆ, ಮೂರನೆಯದೊಂದು ಗಾಯವಿತ್ತು. ಆ ದಿನ ಅಲ್ಲಿ ಪಕ್ಕದ ಕೊಂಬೆ ಅಡ್ಡ ಬಂದು ಗರಗಸ ಕಾಂಡದವರೆಗೆ ಹೋಗಿರಲಿಲ್ಲ. ಎರಡು ಬೆರಳಿನಷ್ಟು ಹೊರಗೇ ಕೊಯ್ದಿದ್ದೆ. ಬಣ್ಣದ ಡಬ್ಬಿಯೂ ಮುಗಿದಿತ್ತು, ಹಾಗೇ ಬಿಟ್ಟು ಇಳಿದಿದ್ದೆ. ಅಂದಗೆಟ್ಟ ಕೆಲಸವಾಯಿತಲ್ಲ ಎಂದು ಮನೆಗೆ ಹೋಗುವವರೆಗೂ ಕೊರೆದಿತ್ತು. ಈಗ ನೋಡಿದರೆ, ಆ ಗಾಯದ ಸುತ್ತ ಹೊಸ ತೊಗಟೆ ಎಲ್ಲ ಕಡೆಯಿಂದಲೂ ಸಮನಾಗಿ ಉರುಟಾಗಿ ಬೆಳೆದು, ಚೀಲದ ಬಾಯಿಗೆ ದಾರ ಎಳೆದು ಕಟ್ಟಿದ ಹಾಗೆ ನಡುವೆ ಬಂದು ಕೂಡಿತ್ತು. ತಟ್ಟಿದೆ. ಟಕ್.

ಕೊಂಬೆ ಕಾಂಡದಿಂದ ಹೊರಡುವ ಜಾಗವನ್ನು ಹತ್ತಿರ ಹೋಗಿ ನೋಡಿ. ಕೆಳಗೂ ಅಕ್ಕಪಕ್ಕದಲ್ಲೂ ಉಂಗುರ ತೊಡಿಸಿದಂತೆ ತುಸು ಉಬ್ಬಿರುತ್ತದೆ. ಕೆಲವು ಮರಗಳಲ್ಲಿ ಅದು ಕಣ್ಣಿಗೆ ಕಾಣುವುದಿಲ್ಲ, ಬೆರಳಾಡಿಸಿದರೆ ತಿಳಿಯುತ್ತದೆ. ಕಾಂಡದ ನಾರುಗಳು ಕೊಂಬೆಯ ಬುಡವನ್ನು ಸುತ್ತಿ ಹಿಡಿದು ಆದ ಉಬ್ಬು ಅದು. ನುಣುಪಿನ ಆಸೆಗೆ ಅದನ್ನೂ ಸೇರಿಸಿ ಕೊಯ್ದರೆ, ತೆಗೆದದ್ದು ಕೊಂಬೆಯಾದರೂ ಗಾಯವಾಗುವುದು ಕಾಂಡಕ್ಕೆ. ನಾನು ವರ್ಷಗಟ್ಟಲೆ ಮಾಡಿದ್ದು ಇದನ್ನೇ.

ಅಮೆರಿಕದ ಅರಣ್ಯ ಸೇವೆಯಲ್ಲಿದ್ದ ಅಲೆಕ್ಸ್ ಶೈಗೋ ಎಂಬ ವಿಜ್ಞಾನಿ ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿ ಒಳಗಿನ ಕೊಳೆತವನ್ನು ನೋಡಿದವರು. ಮರದ ಗಾಯ ನಮ್ಮ ಚರ್ಮದ ಗಾಯದಂತೆ ಮಾಯುವುದಿಲ್ಲ ಎಂಬುದನ್ನು ಅವರು ತೋರಿಸಿಕೊಟ್ಟರು. ಕೊಳೆತ ಭಾಗ ಮತ್ತೆ ಸರಿಯಾಗುವುದಿಲ್ಲ. ಮರ ಅದರ ಸುತ್ತ ಗೋಡೆ ಕಟ್ಟಿ, ಅದರ ಆಚೆಗೆ ಹೊಸ ಪದರ ಬೆಳೆಸಿಕೊಳ್ಳುತ್ತದೆ. 1977ರಲ್ಲಿ ಪ್ರಕಟವಾದ ಅವರ ವಿವರಣೆಯಲ್ಲಿ ಇಂಥ ನಾಲ್ಕು ಗೋಡೆಗಳಿವೆ. ಕೊಳೆತ ಮೇಲಕ್ಕೆ ಕೆಳಕ್ಕೆ ಹರಡುವುದನ್ನು ತಡೆಯುವ ಗೋಡೆ ಎಲ್ಲಕ್ಕಿಂತ ದುರ್ಬಲ. ಗಾಯವಾದ ಮೇಲೆ ಬೆಳೆಯುವ ಹೊಸ ಪದರವನ್ನು ಕಾಯುವ ಗೋಡೆ ಎಲ್ಲಕ್ಕಿಂತ ಗಟ್ಟಿ. ಟೊಳ್ಳು ಮರವೂ ಹಸಿರಾಗಿ ನಿಂತಿರುವುದು ಈ ಗೋಡೆಯ ಬಲದಿಂದ. ಬಣ್ಣ, ಡಾಂಬರು ಬಳಿಯುವುದರಿಂದ ಕೊಳೆತ ನಿಲ್ಲುವುದಿಲ್ಲ, ಒಳಗೆ ತೇವ ಉಳಿದು ಕೇಡೇ ಆಗಬಹುದು. ಡಬ್ಬಿ ಒಯ್ಯುವುದನ್ನು ಅಂದೇ ಬಿಟ್ಟೆ.

ಈಗ ದಪ್ಪ ಕೊಂಬೆಗೆ ಮೂರು ಸಲ ಗರಗಸ ಹಾಕುತ್ತೇನೆ. ಉಬ್ಬಿನಿಂದ ಒಂದಡಿ ದೂರದಲ್ಲಿ ಮೊದಲು ಕೆಳಗಿನಿಂದ, ಕೊಂಬೆಯ ದಪ್ಪದ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ. ಅದಕ್ಕಿಂತ ಸ್ವಲ್ಪ ಹೊರಗೆ ಮೇಲಿನಿಂದ ಕೊಯ್ದಾಗ ಕೊಂಬೆಯ ಭಾರವೆಲ್ಲ ಬಿದ್ದುಹೋಗುತ್ತದೆ, ಕಾಂಡದ ತೊಗಟೆ ಸಿಪ್ಪೆಯಂತೆ ಸೀಳಿಕೊಂಡು ಬರುವುದಿಲ್ಲ. ಉಳಿದ ಮೋಟನ್ನು ಕೊನೆಗೆ, ಉಬ್ಬಿನ ಅಂಚಿಗೆ ಸರಿಯಾಗಿ ತೆಗೆಯುತ್ತೇನೆ. ಮೋಟನ್ನು ಉದ್ದ ಬಿಟ್ಟರೂ ತಪ್ಪೇ. ಅದು ಒಣಗಿ, ಕೊಳೆತಕ್ಕೆ ದಾರಿ ಮಾಡಿಕೊಡುತ್ತದೆ.

ಹಳ್ಳಿಮನೆಗಳಲ್ಲಿ ಹೆಚ್ಚಾಗಿ ಕೇಳುವ ಮಾತು, "ಮನೆಗಿಂತ ಎತ್ತರವಾಗಿದೆ, ತಲೆ ತೆಗೆದುಬಿಡಿ". ಅವರ ಭಯ ನನಗೆ ಅರ್ಥವಾಗುತ್ತದೆ. ಮಳೆಗಾಳಿಯ ರಾತ್ರಿ ಸೂರಿನ ಮೇಲೆ ಅಷ್ಟು ದೊಡ್ಡ ಮರ ತೂಗುತ್ತಿದ್ದರೆ ಯಾರಿಗೆ ತಾನೇ ನಿದ್ದೆ ಬಂದೀತು? ಆದರೆ ತಲೆ ತೆಗೆದ ಮರ ಗಾಬರಿಯಿಂದೆಂಬಂತೆ ಪೊದೆಪೊದೆಯಾಗಿ ಚಿಗುರುತ್ತದೆ. ಆ ಚಿಗುರುಗಳ ಹಿಡಿತ ಹೊರಗಿನ ಪದರದಲ್ಲಿ ಮಾತ್ರ. ಕೆಲವೇ ವರ್ಷಗಳಲ್ಲಿ ಅವು ಹಳೆಯ ಎತ್ತರ ಮುಟ್ಟುತ್ತವೆ, ಕೆಳಗಿನ ಮೋಟು ಅಷ್ಟರಲ್ಲಿ ಕೊಳೆಯತೊಡಗಿರುತ್ತದೆ. ಆಗ ಸೂರಿನ ಮೇಲೆ ತೂಗುವುದು ಮೊದಲಿಗಿಂತ ಅಪಾಯದ ಮರ. ಒಣಗಿದ್ದು, ಸೀಳಿದ್ದು, ಸೂರಿನ ಕಡೆ ಚಾಚಿದ್ದನ್ನು ತೆಗೆದು, ಉದ್ದ ಕೊಂಬೆಗಳನ್ನು ಗಟ್ಟಿಯಾದ ಪಕ್ಕದ ಕವಲಿನವರೆಗೆ ಮೊಟಕುಗೊಳಿಸುತ್ತೇನೆ. ಒಂದೇ ವರ್ಷದಲ್ಲಿ ಹಸಿರಿನ ಕಾಲು ಭಾಗಕ್ಕಿಂತ ಹೆಚ್ಚು ತೆಗೆಯುವುದಿಲ್ಲ. ಎಷ್ಟು ಒತ್ತಾಯಿಸಿದರೂ ಇಲ್ಲ.

ಸಣ್ಣ ರೆಂಬೆಗಳನ್ನು ನೆಲದ ಮೇಲೆ ನಿಂತು ನೀವೇ ಸವರಬಹುದು. ಏಣಿಯನ್ನು ಕೊಂಬೆಗೆ ಒರಗಿಸಿ, ಅದೇ ಕೊಂಬೆಯ ತುದಿಯನ್ನು ಕೊಯ್ಯಲು ಮಾತ್ರ ದಯವಿಟ್ಟು ಹತ್ತಬೇಡಿ. ತುದಿಯ ಭಾರ ಇಳಿದೊಡನೆ ಉಳಿದ ಕೊಂಬೆ ಮೇಲಕ್ಕೆ ಏಳುತ್ತದೆ, ಏಣಿಗೆ ಆಸರೆಯೇ ಇರುವುದಿಲ್ಲ. ಕೊಂಬೆಗಳ ನಡುವೆ ವಿದ್ಯುತ್ ತಂತಿ ಹಾದುಹೋಗಿದ್ದರೆ, ವಿದ್ಯುತ್ ಇಲಾಖೆಯವರು ಬಂದು ಸಂಪರ್ಕ ಕಡಿಯುವವರೆಗೆ ನಾನು ಮರವನ್ನು ಮುಟ್ಟುವುದಿಲ್ಲ. ಹಸಿ ಕೊಂಬೆಯಲ್ಲಿ ವಿದ್ಯುತ್ ಹರಿಯುತ್ತದೆ.

ಆ ಮಾವಿನ ಮರದ ಕೆಳಗೆ ನಿಂತು ಮನೆಯ ಯಜಮಾನರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: "ಈ ಎರಡು ಗಾಯ ನನ್ನ ಕೈಯಿಂದಲೇ ಆದವು." ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಇದನ್ನು ಉಳಿಸುವ ದಾರಿಯನ್ನೂ ನೀವೇ ಹೇಳಿ" ಎಂದರು. ಟೊಳ್ಳಿನ ಮೇಲಿನ ಭಾರ ತಗ್ಗಿಸಲು ಆ ಬದಿಯ ಕೊಂಬೆಗಳನ್ನು ಎರಡು ವರ್ಷಗಳಲ್ಲಿ, ಎರಡು ಸಲವಾಗಿ ಮೊಟಕುಗೊಳಿಸಿದೆವು. ಕೂಲಿ ತೆಗೆದುಕೊಳ್ಳಲಿಲ್ಲ. ಈಗಲೂ ವರ್ಷಕ್ಕೊಮ್ಮೆ ಹೋಗಿ ತಟ್ಟಿ ಕೇಳುತ್ತೇನೆ. ಯಜಮಾನರು ನಾನು ಬರುವ ಮೊದಲೇ ಸಲಾಕೆಯನ್ನು ತಂದು ಬುಡಕ್ಕೆ ಒರಗಿಸಿಟ್ಟಿರುತ್ತಾರೆ.