ಕೆಮ್ಮು ಶುರುವಾಗೋದು ಮನೆಗೆ ಬಂದ ಮೇಲೆ

ಕಾರವಾರದ ಮಳೆಗಾಲ ಗೊತ್ತಲ್ವಾ, ಬಾಗಿಲು ತೆಗೆದಿಟ್ಟು ಕಾರಿಗೆ ಪೇಂಟ್ ಹೊಡೆಯೋ ಹಾಗೇ ಇಲ್ಲ. ಇರಚಲು ಬಡಿದರೆ ಬಾನೆಟ್ ಮತ್ತೆ ಉಜ್ಜಬೇಕು. ಹಾಗಾಗಿ ಜೂನ್ ಬಂತೆಂದರೆ ಶಟರ್ ಎಳೆದುಕೊಂಡೇ ಸ್ಪ್ರೇ ಗನ್ ಹಿಡಿಯುತ್ತೇವೆ. ಇರೋದು ಒಂದು ಎಕ್ಸಾಸ್ಟ್ ಫ್ಯಾನ್. ಅದರ ರೆಕ್ಕೆಗೂ ಪೇಂಟ್ ಮೆತ್ತಿ ಮೆತ್ತಿ ದಪ್ಪವಾಗಿದೆ.

ಕೆಲಸದ ಹೊತ್ತಿನಲ್ಲಿ ನನಗೇನೂ ಆಗುತ್ತಿರಲಿಲ್ಲ. ರಾತ್ರಿ ಊಟ ಮಾಡಿ ಮಲಗಿದರೆ ಎದೆ ಬಿಗಿಯುತ್ತಿತ್ತು, ಉಸಿರು ಸುಂಯ್ ಸುಂಯ್ ಅನ್ನುತ್ತಿತ್ತು. ಸಮುದ್ರದ ಥಂಡಿ ಗಾಳಿ ಅಂತ ಆಯಿ ಕಷಾಯ ಕುಡಿಸಿದಳು. ಡಾಕ್ಟರು ಮಾತ್ರ, ‘ರಜೆಯಲ್ಲಿ ಹೇಗಿರುತ್ತೆ?’ ಅಂತ ಕೇಳಿದರು. ಬಂಡಿ ಹಬ್ಬಕ್ಕೆ ಅಂಕೋಲೆಯ ಮಾವನ ಮನೆಯಲ್ಲಿದ್ದಾಗ ಕೆಮ್ಮೇ ಇರಲಿಲ್ಲ. ಅಲ್ಲೂ ಇದೇ ಸಮುದ್ರ ತಾನೆ?

ಪೀಕ್ ಫ್ಲೋ ಮೀಟರ್ ಅಂತ ಒಂದು ಪ್ಲಾಸ್ಟಿಕ್ ಕೊಳವೆ ಬರುತ್ತದೆ. ಜೋರಾಗಿ ಊದಿದರೆ ಒಳಗಿನ ಗುರುತು ಸರಿದು ಉಸಿರು ಎಷ್ಟು ಜೋರಾಗಿ ಹೊರಬಂತು ಅಂತ ಅಂಕಿ ತೋರಿಸುತ್ತದೆ. ದಿನಕ್ಕೆ 4 ಸಲ ಊದಿ ಬರೆದಿಡಲು ಹೇಳಿದರು, ಕೆಲಸದ ದಿನವೂ ರಜೆಯ ದಿನವೂ. ಕೆಲಸವಿದ್ದಾಗ ಅಂಕಿ ಇಳಿಯುತ್ತಿತ್ತು, ರಜೆಯಲ್ಲಿ ಏರುತ್ತಿತ್ತು. ಕೆಲಸದಿಂದ ಬಂದ ಆಸ್ತಮಾ.

ಎಲ್ಲರೂ ಬೈಯೋದು ತಿನ್ನರ್‌ಗೆ, ಮೂಗಿಗೆ ಹೊಡೆಯೋದು ಅದೇ ಅಲ್ವಾ. ಅದೂ ಒಳ್ಳೆಯದೇನಲ್ಲ, ಆದರೆ ಆಸ್ತಮಾ ತರೋದು ಹೆಚ್ಚಾಗಿ ಹಾರ್ಡ್ನರ್, ಅಂದರೆ ಪೇಂಟ್ ಗಟ್ಟಿಯಾಗಲಿ ಅಂತ ಬೆರೆಸೋ ದ್ರವ. ಎರಡು ಭಾಗ ಬೆರೆಸಿ ಹೊಡೆಯೋ ಟೂ-ಕೆ ಪೇಂಟಿನ, ಮೇಲೆ ಹೊಳಪಿಗೆ ಹೊಡೆಯೋ ಕ್ಲಿಯರ್ ಕೋಟಿನ ಹಾರ್ಡ್ನರ್‌ನಲ್ಲಿ ಐಸೋಸಯನೇಟ್ ಅನ್ನೋ ರಾಸಾಯನಿಕ ಇರುತ್ತದೆ. ಅದಕ್ಕೆ ಹೇಳಿಕೊಳ್ಳುವಂಥ ವಾಸನೆಯಿಲ್ಲ. ಉಸಿರಲ್ಲಿ ಹೋಗಿ ಎಷ್ಟೋ ಗಂಟೆ ಕಳೆದ ಮೇಲೆ ತ್ರಾಸು ಶುರುವಾಗಬಹುದು. ಒಮ್ಮೆ ಮೈಗೆ ಆಗದೇ ಹೋಯಿತು ಅಂದರೆ ಆಮೇಲೆ ಚೂರೇ ಚೂರು ಸಾಕು, ಉಸಿರು ಕಟ್ಟಲು. ವರ್ಷಗಟ್ಟಲೆ ಏನೂ ಆಗದವನಿಗೂ ಹೀಗಾಗಬಹುದು.

ಮುಖಕ್ಕೆ ಕಟ್ಟೋ ಪಂಚೆ ತುಂಡು ಸುಮ್ನೆ ಸಮಾಧಾನಕ್ಕೆ. ಎನ್-95 ಕೂಡ ಆವಿಯನ್ನು ತಡೆಯೋದಿಲ್ಲ. ಈ ಕೆಲಸಕ್ಕೆ ಬೇಕಾದದ್ದು ಪೈಪಿನಲ್ಲಿ ಹೊರಗಿನ ಶುದ್ಧ ಗಾಳಿ ಕೊಡೋ ಮಾಸ್ಕ್. ಗನ್ ಕೆಳಗಿಟ್ಟ ತಕ್ಷಣ ಅದನ್ನೂ ತೆಗೆಯಬಾರದು, ಕಣ್ಣಿಗೆ ಕಾಣದ ಮಂಜು ಇನ್ನೂ ಒಳಗೇ ಇರುತ್ತದೆ. ನಮ್ಮ ಹುಡುಗರು ಬೀಡಿ ಸೇದೋದು ಸರಿಯಾಗಿ ಆ ಹೊತ್ತಿಗೇ!

1948ರ ಫ್ಯಾಕ್ಟರಿ ಕಾಯ್ದೆಯ ಕಾಯಿಲೆಗಳ ಪಟ್ಟಿಯಲ್ಲಿ ಐಸೋಸಯನೇಟ್ ಹೆಸರಿತ್ತು. ನಾಲ್ಕು ಜನರ ಗ್ಯಾರೇಜಿಗೆ ಆ ಕಾಯ್ದೆ ಎಲ್ಲಿ ಬರುತ್ತಿತ್ತು.

ಈಗ ನಾನು ತಗ್ಗು ತುಂಬೋ ಲಾಂಬಿ ಹಚ್ಚುತ್ತೇನೆ, ಪಾಲಿಶ್ ಮಾಡುತ್ತೇನೆ. ಸ್ಪ್ರೇ ಶುರುವಾದರೆ ಹೊರಗೆ ಹೋಗಿ ನಿಲ್ಲುತ್ತೇನೆ. ಮಾಸ್ಕ್ ಕೇಳಿದ್ದಕ್ಕೆ ‘ಚೌತಿ ಕಳೀಲಿ, ನೋಡೋಣ’ ಅಂದಿದ್ದಾರೆ ಮಾಲೀಕರು. ಚೌತಿಯ ಒಳಗೆ ಮುಗಿಸಬೇಕಾದ ಗಾಡಿಗಳೇ ಜಾಸ್ತಿ. ಗನ್ ಈಗ ಹೊಸ ಹುಡುಗನ ಕೈಯಲ್ಲಿದೆ.