ಈ ಕಲ್ಲುಗಳು ನಿಮಗೆ ಹೇಗೆ ಸಿಗ್ತವೆ?

ಹಾಸನದ ಸುತ್ತಮುತ್ತ ಎಲ್ಲಿಗೆ ಹೋಗಿ ಬಂದರೂ ಒಂದು ವೀರಗಲ್ಲಿನ (ಕಾಳಗದಲ್ಲಿ ಸತ್ತ ವೀರನ ನೆನಪಿಗೆ ನಿಲ್ಲಿಸಿದ ಕಲ್ಲು) ಫೋಟೊ ಹಾಕುತ್ತೇನೆ. ನೋಡಿದವರದ್ದು ಒಂದೇ ಪ್ರಶ್ನೆ: "ನಾವೂ ಅದೇ ದಾರೀಲಿ ಓಡಾಡ್ತೀವಿ, ನಿಮಗೆ ಮಾತ್ರ ಹೇಗೆ ಸಿಗ್ತವೆ?"

ನಾನು ಹುಡುಕುವುದಕ್ಕಿಂತ ಕೇಳುವುದೇ ಜಾಸ್ತಿ. ಅರಳಿಕಟ್ಟೆ ಮೇಲೆ ಕೂತ ಅಜ್ಜಂದಿರ ಹತ್ತಿರ "ಇಲ್ಲಿ ಶಾಸನ ಇದೆಯಾ?" ಅಂದರೆ ಇಲ್ಲ ಅನ್ನುತ್ತಾರೆ. "ಬೊಂಬೆ ಇರೋ ಕಲ್ಲು, ಅಕ್ಷರ ಇರೋ ಕಲ್ಲು ಐತಾ ಅಜ್ಜ?" ಅಂದು ನೋಡಿ. "ಓ ಅದಾ, ಕೆರೆ ಏರಿ ಮೇಲೈತೆ ಬನ್ನಿ" ಎಂದು ಎದ್ದೇ ಬಿಡುತ್ತಾರೆ.

ಹೊರಡುವ ಮೊದಲು ಶಾಸನಗಳ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕದ 5ನೇ ಸಂಪುಟ ತಿರುವಿ ಹಾಕುತ್ತೇನೆ. ಹಾಸನ ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ 1902ರಲ್ಲಿ ಅದರಲ್ಲಿ ಅಚ್ಚು ಹಾಕಿಸಿದರು. ಕಲ್ಲು ಯಾವ ಊರಲ್ಲಿ, ಎಲ್ಲಿ ನಿಂತಿದೆ ಅನ್ನುವುದೂ ಅದರಲ್ಲಿದೆ. ನೂರಿಪ್ಪತ್ತು ವರ್ಷದಲ್ಲಿ ಎಷ್ಟೋ ಕಲ್ಲು ಜಾಗ ಬದಲಿಸಿವೆ, ಆದರೂ ಊರಿನ ಹೆಸರು ಸಿಕ್ಕರೆ ಸಾಕು.

"ಅದೇನು, ಸುಮ್ನೆ ಒಂದು ಕಲ್ಲು ತಾನೇ" ಅನ್ನುವವರಿಗೆ ಹಲ್ಮಿಡಿಯ ಹೆಸರು ಹೇಳುತ್ತೇನೆ. ನಮ್ಮ ಬೇಲೂರು ತಾಲೂಕಿನದೇ ಅಲ್ವಾ? ಸುಮಾರು ಕ್ರಿ.ಶ. 450ರ ಆ ಕಲ್ಲು, ಕಾಳಗದಲ್ಲಿ ಗೆದ್ದ ವಿಜ ಅರಸನಿಗೆ ಊರು ಬಿಟ್ಟುಕೊಟ್ಟ ಸಂಗತಿಯನ್ನು ಕನ್ನಡದಲ್ಲಿ ಹೇಳುತ್ತದೆ.

ವೀರಗಲ್ಲು ಓದಲು ಹಳಗನ್ನಡ ಬರಲೇಬೇಕೆಂದಿಲ್ಲ. ಬಿಸಿಲು ಓರೆಯಾಗಿ ಬೀಳುವ ಹೊತ್ತಿಗೆ ಹೋಗಿ, ಸವೆದ ಗೆರೆಯೂ ಎದ್ದು ಕಾಣುತ್ತದೆ. ದಯವಿಟ್ಟು ಸೀಮೆಸುಣ್ಣ ತಿಕ್ಕಬೇಡಿ. ಕೆಳಗಿನಿಂದ ಮೇಲಕ್ಕೆ ನೋಡುತ್ತಾ ಹೋಗಿ. ಕೆಳಗೆ ಕಾಳಗ. ನಡುವೆ ಸತ್ತ ವೀರನನ್ನು ಕರೆದೊಯ್ಯುವ ಅಪ್ಸರೆಯರು. ಮೇಲೆ ಶಿವಲಿಂಗ, ಅದರ ಮುಂದೆ ಕೈಮುಗಿದು ಕೂತ ಅದೇ ವೀರ. ತುದಿಯಲ್ಲಿ ಸೂರ್ಯ, ಚಂದ್ರ. ಕಾಳಗದ ಪಕ್ಕ ದನ ಇದ್ದರೆ ಅದು ತುರುಗೊಳ್ ಕಲ್ಲು, ಊರಿನ ದನ ಬಿಡಿಸಿಕೊಳ್ಳಲು ಹೋಗಿ ಪ್ರಾಣ ಕೊಟ್ಟವನದು. ಗಂಡನ ಚಿತೆಯೇರಿ ಸತಿ ಹೋದವಳ ನೆನಪಿನ ಮಾಸ್ತಿಕಲ್ಲಿನಲ್ಲಾದರೆ ಕಂಬದಿಂದ ಚಾಚಿದ ಒಂದು ಕೈ, ತುಂಬ ಬಳೆ. ಅದರ ಮುಂದೆ ಜಾಸ್ತಿ ಹೊತ್ತು ನಿಲ್ಲಲು ನನಗೆ ಆಗುವುದಿಲ್ಲ.

ಒಮ್ಮೆ ಹಳೇಬೀಡು ಕಡೆ ಸೊಂಟದ ತನಕ ಹೂತುಹೋದ ಒಂದು ವೀರಗಲ್ಲು ಸಿಕ್ಕಿತು. ಮಣ್ಣಿನಿಂದ ದನದ ಕೊಂಬುಗಳಷ್ಟೇ ಹೊರಗೆ ಕಾಣುತ್ತಿದ್ದವು. ಒಬ್ಬರು ಅಜ್ಜಿ ಅದಕ್ಕೆ ಕುಂಕುಮ ಇಡುತ್ತಿದ್ದರು. "ಇದು ಯಾರಜ್ಜಿ?" ಎಂದೆ.

"ದನ ಕಾಯೋ ಸ್ವಾಮಿ ಕಣಪ್ಪ. ನಮ್ಮನೇಲಿ ಹಸ ಈದ್ರೆ ಮೊದಲ ಗಿಣ್ಣು ಇವನಿಗೇಯ."