ಆಫರ್ ಲೆಟರ್ ಬಂದ ತಕ್ಷಣ ರಾಜೀನಾಮೆ ಬೇಡ

ಆಫರ್ ಲೆಟರ್ ಕಂಡ ಖುಷಿಯಲ್ಲಿ ಇವತ್ತೇ ರಾಜೀನಾಮೆ ಕೊಟ್ಟು, ಒಪ್ಪಿಗೆಯ ಮೇಲ್ ನಾಳೆ ಕಳಿಸಿದರಾಯಿತು ಅಂದುಕೊಳ್ಳುವವರು ತುಂಬ ಜನ. ಕರಾರು ಹುಟ್ಟುವುದೇ ಆ ಮೇಲ್‌ನಿಂದ! 1872ರ ಭಾರತೀಯ ಕರಾರು ಕಾಯ್ದೆಯ 5ನೇ ಕಲಂ ಪ್ರಕಾರ, ಒಪ್ಪಿಗೆ ಹೊರಡುವ ಮೊದಲು ಕಂಪನಿ ಆಫರ್ ಹಿಂಪಡೆಯಬಹುದು. 'ಒಪ್ಪಿದೆ, ಆದರೆ ಸಂಬಳ ಸ್ವಲ್ಪ ಹೆಚ್ಚಿಸಿ' ಎಂದು ಬರೆದರೆ 7ನೇ ಕಲಂ ಪ್ರಕಾರ ಅದು ಒಪ್ಪಿಗೆಯೇ ಅಲ್ಲ.

ಷರತ್ತಿಲ್ಲದೆ ಒಪ್ಪಿದ ಮೇಲೆ ಕಂಪನಿ ಕೈಕೊಟ್ಟರೆ ಕರಾರು ಭಂಗ. ಖಾಸಗಿ ಕಂಪನಿಯಲ್ಲಿ ಕೋರ್ಟು ಕೆಲಸವನ್ನೇ ಕೊಡಿಸುವುದಿಲ್ಲ ಎಂದೇ ಇಟ್ಟುಕೊಳ್ಳಿ. ಸಿಗುವುದು 73ನೇ ಕಲಮಿನ ನಷ್ಟ ಪರಿಹಾರ. ಅದೂ ಸಾಮಾನ್ಯವಾಗಿ ನೋಟಿಸ್ ಅವಧಿಯ ಸಂಬಳಕ್ಕೇ ನಿಲ್ಲುತ್ತದೆ, ಬೇಸರದ ಸಂಗತಿ. ಬೇರೆ ಕೆಲಸ ಹುಡುಕದೆ ಕೂತರೆ ಅದರಲ್ಲೂ ಕಡಿತ. ಹಾಗಾಗಿ ಹಾಕಿದ ಅರ್ಜಿಗಳನ್ನೆಲ್ಲ ಉಳಿಸಿಕೊಳ್ಳಿ.

ಇಲ್ಲದ ಹುದ್ದೆಯನ್ನು ಇದೆ ಎಂದು ಗೊತ್ತಿದ್ದೂ ನಂಬಿಸಿದ್ದರೆ ಮಾತೇ ಬೇರೆ. ಅದು ವಂಚನೆಯ ಟಾರ್ಟ್, ಅಂದರೆ ಪರಿಹಾರ ಕೇಳಬಹುದಾದ ಸಿವಿಲ್ ತಪ್ಪು. ಕರಾರು ಆಗದಿದ್ದರೂ ದಾವೆ ಹೂಡಬಹುದು. ಬಿಟ್ಟುಬಂದ ಸಂಬಳ, ಊರು ಬದಲಿಸಿದ ಖರ್ಚು ಕೇಳಬಹುದು. ಆದರೆ ಸುಳ್ಳೆಂದು ಅವರಿಗೆ ಗೊತ್ತಿತ್ತು ಎನ್ನುವುದನ್ನು ಸಾಬೀತು ಮಾಡಬೇಕು. ಎಚ್‌ಆರ್ ಫೋನಿನಲ್ಲಿ ಹೇಳಿದ್ದನ್ನು ಅಂದೇ ಮೇಲ್‌ನಲ್ಲಿ ಬರೆದು ಕಳಿಸಿಬಿಡಿ. ಕರಾರು ಭಂಗದ ದಾವೆಗೆ ಭಂಗವಾದ ದಿನದಿಂದ 3 ವರ್ಷ ಕಾಲಾವಕಾಶ.